ಲಿಸ್ಬನ್ನಿನಲ್ಲಿ ನಾಲ್ಕು ಚಮಚ ಇಂಗು

ಮೂರನೇ ಮಹಡಿ

ಎಲ್ಲಿ ಮಲಗಿದರೂ ಐದೂವರೆಗೆ ಕಣ್ಣು ಬಿಡುವುದು ನನ್ನ ಅಭ್ಯಾಸ. ಲಿಸ್ಬನ್ನಿನ ಆ ಗುರುವಾರವೂ ಬಿಟ್ಟೆ. ಮುಖ ತೊಳೆದು, ಜಯನಗರದಿಂದ ಸೀರೆಯ ಮಡಿಕೆಯೊಳಗೆ ಸುತ್ತಿ ತಂದಿದ್ದ ಫಿಲ್ಟರಿಗೆ ಮೂರು ಚಮಚ ಕಾಫಿಪುಡಿ ಹಾಕಿ, ಕುದಿನೀರು ಹುಯ್ದು, ಡಿಕಾಕ್ಷನ್ ಇಳಿಯುವವರೆಗೆ ಸುಮ್ಮನಿರಲಾರದೆ ಕಿಟಕಿ ತೆರೆದು, ಹಿಂದಿನ ದಿನ ಒಣಹಾಕಿದ್ದ ಸೀರೆಯನ್ನು ಒಳಗೆಳೆದುಕೊಳ್ಳತೊಡಗಿದೆ.

ಈ ಊರಿನಲ್ಲಿ ಬಟ್ಟೆ ಒಣಗುವುದು ಬೀದಿಯ ಮೇಲೆ. ಪ್ರತಿ ಕಿಟಕಿಯ ಹೊರಗೂ ಎರಡು ತಂತಿ, ತಂತಿಯ ತುಂಬ ಮನೆಯವರ ಸಮಸ್ತ ವಸ್ತ್ರ. ನಮ್ಮ ಕಡೆ ಒಳಬಟ್ಟೆಯನ್ನು ಟವೆಲಿನ ಅಡಿ ಮುಚ್ಚಿಟ್ಟು ಒಣಗಿಸುತ್ತೇವೆ. ಅವು ಪಾಪ ಉಸಿರುಗಟ್ಟಿ ಎರಡು ದಿನ ಹಸಿಯಾಗಿಯೇ ಇರುತ್ತವೆ. ಇಲ್ಲಿ ಎದುರು ಮನೆಯ ಯಜಮಾನರ ನೀಲಿ ಚಡ್ಡಿಗಳು ಬೆಳಗಿನ ಗಾಳಿಗೆ ನಿರಾತಂಕವಾಗಿ ಹಾರಾಡುತ್ತಿದ್ದವು. ಯಜಮಾನರೂ ಕಿಟಕಿಯಲ್ಲಿ ನಿಂತು ನನ್ನತ್ತ ಕೈ ಬೀಸಿದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಮುಖ ನೋಡಿಯೇ ಕೈ ಬೀಸಿದೆ. ಚಡ್ಡಿಯ ಬಣ್ಣ ತಾನಾಗಿ ಕಣ್ಣಿಗೆ ಬಿತ್ತು.

ಕೆಳಗಿನ ಮನೆಯವರ ಪರಿಚಯ ಆದದ್ದೂ ನನ್ನ ಸೀರೆಯಿಂದಲೇ. ಬಂದ ಮರುದಿನ ಆರು ಗಜವನ್ನೂ ತಂತಿಗೆ ಇಳಿಬಿಟ್ಟಿದ್ದೆ. ಬಾಗಿಲು ಬಡಿದ ಸದ್ದಾಯಿತು. ಎಪ್ಪತ್ತು ದಾಟಿದ, ಬಿಳಿ ಕೂದಲಿನ, ಏಪ್ರನ್ ಕಟ್ಟಿದ ಹೆಂಗಸೊಬ್ಬರು ನಿಂತಿದ್ದರು. "ನಿಮ್ಮ ಬಟ್ಟೆಗೆ ಕೊನೆ ಅನ್ನುವುದು ಇದೆಯೇ? ನಮ್ಮ ಮನೆಯಲ್ಲಿ ಇನ್ನೂ ಬೆಳಗಾಗಿಲ್ಲ" ಎಂದರು. ಬಹಳ ವರ್ಷ ಲಂಡನ್ನಿನ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದರಿಂದ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಹೆಸರು ಮರಿಯಾ ದ ಲೂರ್ದ್. ನನ್ನ ಶಾಲೆಯಲ್ಲಿ ಲೂರ್ದು ಮೇರಿ ಎಂಬ ಗೆಳತಿ ಇದ್ದದ್ದರಿಂದ, ನನಗೆ ಅವರು ಆ ಕ್ಷಣದಿಂದಲೇ ಲೂರ್ದಮ್ಮ. ಆಮೇಲೆ ದಿನವೂ ಒಂದು ಲೋಟ ಕಾಫಿಗೆ ಮೇಲೆ ಬರುವುದು ರೂಢಿಯಾಯಿತು.

ಡಿಕಾಕ್ಷನ್ ಇಳಿಯುವ ಹೊತ್ತಿಗೆ ಸಹನಾ ಕೋಣೆಯಿಂದ ಹೊರಬಂದಳು. ಸಹನಾ ನನ್ನ ತಂಗಿಯ ಮಗಳು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಎಚ್‌ಐವಿ ವೈರಾಣುವಿನ ಒಳಪಂಗಡಗಳನ್ನು ಅಧ್ಯಯನ ಮಾಡುತ್ತಾಳೆ. ಹೌದು, ವೈರಾಣುವಿನಲ್ಲೂ ಒಳಪಂಗಡಗಳಿವೆ. ನಮ್ಮನ್ನು ನೋಡಿ ಕಲಿತದ್ದಲ್ಲವಂತೆ. ಲಿಸ್ಬನ್ನಿಗೆ ಅವಳು ಬಂದದ್ದು ದೊಡ್ಡದೊಂದು ವೈದ್ಯಕೀಯ ಸಮ್ಮೇಳನಕ್ಕೆ, ನಾನು ಬಂದದ್ದು ಅವಳ ಬಲಗೈಯಾಗಿ. ಹೊರಡುವ ಮೂರು ವಾರ ಮೊದಲು ಬಿಟಿಎಂ ಲೇಔಟಿನ ಒಂದು ಹಳ್ಳ ಅವಳ ಸ್ಕೂಟರನ್ನೂ ಬಲ ಮಣಿಕಟ್ಟನ್ನೂ ಒಟ್ಟಿಗೆ ತೆಗೆದುಕೊಂಡಿತ್ತು. ಜಡೆ ಹಾಕಲು, ಪೆಟ್ಟಿಗೆ ಎಳೆಯಲು, ಪೋಸ್ಟರ್ ಹೊರಲು ಯಾರಾದರೂ ಬೇಕು. ತಂಗಿಗೆ ಮಂಡಿನೋವು. ದೊಡ್ಡಮ್ಮನ ಹತ್ತಿರ ಪಾಸ್‌ಪೋರ್ಟ್ ಇದೆ, ಬೇರೆ ಕೆಲಸವಿಲ್ಲ ಎಂದು ಎಲ್ಲರಿಗೂ ಗೊತ್ತಿದೆ.

"ಎದ್ದ್ಯಾ ಪುಟ್ಟಿ? ಕಾಫಿ ರೆಡಿ" ಎಂದೆ.

ಸಹನಾ ಬಾಯಿ ತೆರೆದಳು. ಗ್ಯಾಸ್ಕೆಟ್ ಸವೆದ ಕುಕ್ಕರಿನಂತೆ ಬರೀ ಹಬೆ ಬಂತು. ಇನ್ನೊಮ್ಮೆ ತೆರೆದಳು. ಇನ್ನಷ್ಟು ಹಬೆ. ಗಾಬರಿಯಿಂದ ಎಡಗೈಯಲ್ಲಿ ಫೋನು ಹಿಡಿದು ಹೆಬ್ಬೆರಳಿನಲ್ಲಿ ಏನೋ ಒತ್ತಿ ನನ್ನ ಮುಖದ ಮುಂದೆ ಹಿಡಿದಳು. "ದೊಡ್ಡಮ್ಮ ಧನಿಯ ಹೋಗಿದೆ" ಎಂದಿತ್ತು.

"ಎಲ್ಲಿ ಹೋಗತ್ತೆ, ಇಲ್ಲೇ ಡಬ್ಬೀಲಿದೆಯಲ್ಲೇ" ಎಂದು ಕೊತ್ತಂಬರಿ ಬೀಜದ ಡಬ್ಬಿ ತೋರಿಸಿದೆ.

ಸಹನಾ ಹಣೆ ಬಡಿದುಕೊಳ್ಳಲು ಹೋಗಿ, ಪ್ಲಾಸ್ಟರಿನ ಕೈ ಎಂದು ನೆನಪಾಗಿ, ನಿಂತಳು. ಹೋಗಿದ್ದು ಧ್ವನಿ. ಅವಳು ಬರೆದದ್ದನ್ನು ಫೋನು ಅಡುಗೆಮನೆಗೆ ತಕ್ಕಂತೆ ತಿದ್ದಿತ್ತು.

ಅದೇ ದಿನ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅವಳು ತನ್ನ ಸಂಶೋಧನೆಯ ಪೋಸ್ಟರಿನ ಮುಂದೆ ನಿಂತು ಬಂದವರಿಗೆ ವಿವರಿಸಬೇಕಿತ್ತು. ಬಲಗೈ ಇದ್ದಿದ್ದರೆ ಬರೆದು ತೋರಿಸಬಹುದಿತ್ತು. ಅದೂ ಇಲ್ಲ. ವಿವರಿಸುವವರಿಲ್ಲದೆ ಪೋಸ್ಟರಿನ ಚಿತ್ರ ಒಂದು ನಿಮಿಷವೂ ಜನರ ಮುಂದೆ ನಿಲ್ಲುವುದಿಲ್ಲ ಎಂದು ಅವಳು ಬೆಂಗಳೂರಿನಲ್ಲಿ ಒಬ್ಬರಿಗೆ ಮಾತು ಕೊಟ್ಟು ಬಂದಿದ್ದಳು. ಆ ಮಾತು ಕೊಡುವಾಗ ಪಕ್ಕದಲ್ಲಿ ಕೂತಿದ್ದವಳು ನಾನೇ. ಸಹನಾ ಕಣ್ಣು ಕೆಂಪು ಮಾಡಿಕೊಂಡು ನನ್ನನ್ನೇ ನೋಡಿದಳು. ಅರ್ಥವಾಗದವಳಂತೆ ಕಾಫಿ ಬೆರೆಸಿದೆ. ಆಮೇಲೆ ಅರ್ಥವಾಯಿತು.

"ನಾನಾ?" ಎಂದೆ.

ಹಬೆ ಬಂತು.

ಮೂಲೆ ಅಂಗಡಿ

ಧ್ವನಿಗೆ ಶುಂಠಿ, ಮೆಣಸು, ಜೇನುತುಪ್ಪ ಎಂದು ನಮ್ಮ ಮನೆಯ ಕಾನೂನು. ಮಧ್ಯಾಹ್ನ ಎರಡರೊಳಗೆ ಗಂಟಲು ತೆರೆದುಕೊಂಡರೆ ನಾನು ಪಾರು. ಪರ್ಸು ಹಿಡಿದು ಮೂಲೆಯ ಅಂಗಡಿಗೆ ಓಡಿದೆ.

ದಾರಿಯಲ್ಲಿ ನಮ್ಮ ಯಜಮಾನರ ಫೋನು. ಬೆಂಗಳೂರಿನಲ್ಲಿ ಆಗಲೇ ಹೊತ್ತೇರಿತ್ತು.

"ನೋಡು, ಪಾರ್ಕಲ್ಲಿ ಎಲ್ಲಾರೂ ಕೇಳ್ತಿದ್ರು. ಪರಂಗಿ ಎಲೆ ರಸದ ಬಗ್ಗೆ ಅಲ್ಲಿ ಡಾಕ್ಟ್ರುಗಳು ಏನಂತಾರಂತೆ?"

"ಪರಂಗಿ ಎಲೆನಾ? ಯಾಕ್ರೀ?"

"ಡೆಂಗ್ಯೂಗೆ."

"ಇಲ್ಲಿ ಡೆಂಗ್ಯೂ ಎಲ್ಲಿಂದ ಬಂತ್ರೀ?"

ಅವರು ದನಿ ತಗ್ಗಿಸಿದರು. "ಅಲ್ವೇ, ಎಚ್‌ಐವಿ ಅಂದ್ರೆ ಚೆನ್ನಾಗಿರಲ್ಲ ಅಂತ... ಡೆಂಗ್ಯೂ ಕಾನ್ಫರೆನ್ಸ್ ಅಂದ್ಬಿಟ್ಟೆ."

ನನ್ನವರು ಸುಳ್ಳು ಹೇಳುವವರಲ್ಲ. ನಲವತ್ತು ವರ್ಷದಲ್ಲಿ ನನ್ನ ಅಡುಗೆ ಚೆನ್ನಾಗಿದೆ ಎಂದು ಕೂಡ ಸುಳ್ಳು ಹೇಳಿದವರಲ್ಲ. ಅಂಥವರು ಇಡೀ ಪಾರ್ಕಿಗೆ ಸೊಳ್ಳೆ ಬಿಟ್ಟಿದ್ದರು. "ಆಮೇಲೆ ಮಾತಾಡ್ತೀನಿ" ಎಂದು ಫೋನಿಟ್ಟೆ. ನಾನೂ ಅಂಥದೊಂದು ಸುಳ್ಳು ಹೇಳಿದವಳೇ ಆದ್ದರಿಂದ ಬೈಯಲು ಬಾಯಿ ಬರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಅಂಗಡಿಯವನಿಗೆ ಇಂಗ್ಲಿಷಿನಲ್ಲಿ 'ಜಿಂಜರ್' ಎಂದೆ. ಪಕ್ಕದಲ್ಲಿದ್ದ ಪೋರ್ಚುಗೀಸ್ ಅಜ್ಜಿಯೊಬ್ಬರು ಸಹಾಯಕ್ಕೆ ಬಂದು ಬೆಳ್ಳುಳ್ಳಿ ಕೊಟ್ಟರು. ಐದು ಬೆರಳನ್ನೂ ಸೊಟ್ಟ ಮಾಡಿ ಶುಂಠಿಯ ಆಕಾರ ತೋರಿಸಿದೆ. ಅಜ್ಜಿ ನನಗೆ ಕೀಲುನೋವೆಂದು ತಿಳಿದು ಮುಲಾಮಿನ ಕಪಾಟು ತೋರಿಸಿದರು. ಕೊನೆಗೆ ಮೂಗಿನ ಹತ್ತಿರ ಹಿಡಿದು, ಜಜ್ಜಿ, ಕುದಿಸಿ, ಕುಡಿದು, ಆಹಾ ಎಂದು ಇಡೀ ಕಷಾಯವನ್ನೇ ಅಭಿನಯಿಸಿದೆ. ಗಲ್ಲಾಪೆಟ್ಟಿಗೆಯ ಹಿಂದಿದ್ದ ಅಂಗಡಿಯವನು ಅಷ್ಟೂ ಹೊತ್ತು ಭಕ್ತಿಯಿಂದ ನೋಡಿ, "ಆಂಟಿ, ಅದ್ರಕ್ ಚಾಹಿಯೇ?" ಎಂದ.

ಢಾಕಾದವನಂತೆ. "ಮೊದಲೇ ಹೇಳಬಾರದಾಗಿತ್ತೇ?" ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. "ಚೆನ್ನಾಗಿ ಮಾಡುತ್ತಿದ್ದಿರಿ, ಮಧ್ಯೆ ನಿಲ್ಲಿಸುವುದು ಹೇಗೆ" ಎಂದ.

ಟ್ರಾಮ್

ಕಷಾಯ ಕುಡಿದ ಸಹನಾಳ ಕಣ್ಣಲ್ಲಿ ನೀರು ಬಂತು, ಮೂಗಲ್ಲಿ ನೀರು ಬಂತು, ಧ್ವನಿ ಬರಲಿಲ್ಲ. ಹನ್ನೊಂದು ಗಂಟೆಗೆ ಹಳದಿ ಟ್ರಾಮ್ ಹತ್ತಿದೆವು. ಬೆನ್ನಿಗೆ ಪೋಸ್ಟರಿನ ಉದ್ದ ಕೊಳವೆ ನೇತುಹಾಕಿಕೊಂಡು ನಾನು ನಿಂತಿದ್ದೆ. ನಾನು ಎಡಕ್ಕೆ ತಿರುಗಿದಾಗ ಕೊಳವೆಯ ಬಾಲ ಬಲಗಡೆಯ ಕಂಬದ ಗುಂಡಿ ಒತ್ತುತ್ತಿತ್ತು. ಗಂಟೆ ಬಾರಿಸುತ್ತಿತ್ತು. ಟ್ರಾಮ್ ನಿಲ್ಲುತ್ತಿತ್ತು. ಯಾರೂ ಇಳಿಯುತ್ತಿರಲಿಲ್ಲ. ಹೀಗೆ ಮೂರು ಸಲ. ನಮ್ಮ ಬನಶಂಕರಿ ಬಸ್ಸಾಗಿದ್ದರೆ "ಏನಮ್ಮಾ, ಮನೆ ಕಾಲಿಂಗ್ ಬೆಲ್ಲಾ ಇದು?" ಎಂದು ಕಂಡಕ್ಟರ್ ಮೊದಲನೆಯ ಸಲಕ್ಕೇ ಕೇಳಿರುತ್ತಿದ್ದ, ಬಸ್ಸಿಗೆ ಬಸ್ಸೇ ನಕ್ಕಿರುತ್ತಿತ್ತು, ಮುಗಿದುಹೋಗುತ್ತಿತ್ತು. ಇಲ್ಲಿ ಚಾಲಕ ಮೂರು ಸಲವೂ ಬರೀ ತಿರುಗಿ ನೋಡಿದ. ಬೈಗುಳಕ್ಕಿಂತ ಅದು ಕಷ್ಟ.

ಸಹನಾ ಫೋನಿನಲ್ಲಿ ಪೋಸ್ಟರಿನ ಚಿತ್ರ ತೆರೆದು ನನಗೆ ಪಾಠ ಶುರುಮಾಡಿದಳು. ಅವಳು ಬೆರಳು ತೋರಿಸಬೇಕು, ನಾನು ಹೇಳಬೇಕು. ಚಿತ್ರ ಒಂದು ಗಿಡದ್ದು. ಬುಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ, ರೆಂಬೆಯ ತುದಿಗಳಲ್ಲಿ ಬಣ್ಣದ ಚುಕ್ಕಿ. ಒಂದೊಂದು ಚುಕ್ಕಿಯೂ ಒಬ್ಬರ ರಕ್ತದಲ್ಲಿ ಸಿಕ್ಕ ವೈರಾಣು. ಹಸಿರು, ಲೈಂಗಿಕ ವೃತ್ತಿಯಲ್ಲಿರುವ ಹೆಂಗಸರದು. ನೀಲಿ, ಗಂಡಸರೊಡನೆ ಸಂಬಂಧವಿರುವ ಗಂಡಸರದು. ಕೇಸರಿ, ಸೂಜಿಯಲ್ಲಿ ಮಾದಕವಸ್ತು ತೆಗೆದುಕೊಳ್ಳುವವರದು. ನೇರಳೆ, ಟ್ರಾನ್ಸ್‌ಜೆಂಡರ್ ಹೆಂಗಸರದು. ಐದನೆಯದು ಬೂದು. ಅದು ಯಾರದೆಂದು ನಾನು ಬೆಂಗಳೂರಿನಲ್ಲೇ ಕೇಳಿದ್ದೆ. "ಗೃಹಿಣಿಯರು, ದೊಡ್ಡಮ್ಮ" ಎಂದಿದ್ದಳು. ಮಿಕ್ಕವರಿಗೆಲ್ಲ ರೇಷ್ಮೆ ಅಂಗಡಿಯ ಬಣ್ಣ, ನಮಗೆ ಬೂದಿ!

ಈ ಗಿಡವನ್ನು ನಾನು ಮೊದಲು ನೋಡಿದ್ದು ಬನಶಂಕರಿ ಬಸ್ ನಿಲ್ದಾಣದ ಹಿಂದೆ, ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಶೋಭಕ್ಕನ ಮನೆಯಲ್ಲಿ. ಶೋಭಕ್ಕ ಟ್ರಾನ್ಸ್‌ಜೆಂಡರ್ ಹೆಂಗಸು. ಅಲ್ಲಿಗೆ ಬರುವ ಎಷ್ಟೋ ಜನಕ್ಕೆ ಅಕ್ಕ, ಕೆಲವರಿಗೆ ಅಮ್ಮ. ಪರೀಕ್ಷೆಗೆ ಕರೆದೊಯ್ಯುವುದು, ಮಾತ್ರೆ ತಪ್ಪಿಸಿದರೆ ಕಿವಿ ಹಿಂಡುವುದು, ಎಲ್ಲ ಅವರದೇ. ಸಹನಾಳ ಕೆಲಸಕ್ಕೆ ರಕ್ತ ಕೊಡಲು ಜನ ಒಪ್ಪಿದ್ದು ಅವರ ಮಾತಿನ ಮೇಲೆ. ಅವರೂ ಲಿಸ್ಬನ್ನಿಗೆ ಬರಬೇಕಿತ್ತು. ವೀಸಾ ಸಿಗಲಿಲ್ಲ.

ಹೊರಡುವ ಮುಂಚೆ ಸಹನಾ ಚಿತ್ರವನ್ನು ಅವರ ಮಂಚದ ಮೇಲೆ ಹಾಸಿ ತೋರಿಸಿದಳು. ಶೋಭಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಚೆನ್ನಾಗೈತೆ. ನಮ್ ನೇರಳೆ ಎಲ್ಲಾ ಕಡೆ ಐತಲ್ಲಮ್ಮಾ."

"ಎಲ್ಲಾ ಬಣ್ಣಾನೂ ಎಲ್ಲಾ ಕಡೆ ಇದೆ ಅಕ್ಕ. ಬೆರೆತುಹೋಗಿದೆ, ಅದೇ ವಿಷಯ" ಎಂದಳು ಸಹನಾ.

"ನಿಂಗೆ ಗೊತ್ತು, ನಂಗೆ ಗೊತ್ತು. ಅಲ್ಲಿ ನೋಡೋನಿಗೆ ಗೊತ್ತಾಗತ್ತಾ? ಓ, ಇವ್ರಿಂದ್ಲೇ ಶುರು ಅಂತ ಒಬ್ಬ ಬರ್ದ ಅಂದ್ರೆ ಸಾಕು, ನನ್ ಮಕ್ಳಿಗೆ ಬಾಡಿಗೆ ಮನೆ ಕೊಡೋರೂ ಓಡಿಸ್ತಾರೆ. ಇನ್ನೊಂದ್ ಸಲ ರಕ್ತ ಕೊಡಿ ಅಂತ ನಾನ್ ಯಾವ ಮುಖ ಇಟ್ಕೊಂಡ್ ಕೇಳ್ಲಿ?"

"ನಾನು ಪಕ್ಕದಲ್ಲೇ ನಿಂತಿರ್ತೀನಿ ಅಕ್ಕ. ಯಾರನ್ನೂ ಹಾಗೆ ಅಂದ್ಕೊಂಡು ಹೋಗಕ್ಕೆ ಬಿಡಲ್ಲ. ಪ್ರಾಮಿಸ್."

ಆಮೇಲೆ ಶೋಭಕ್ಕ ನನಗೊಂದು ಸ್ಟೀಲ್ ಲೋಟದಲ್ಲಿ ಕಾಫಿ ತಂದುಕೊಟ್ಟರು. ನನ್ನ ಬಾಯಿಂದ ಬಂದ ಮಾತು ನನಗೇ ಆಶ್ಚರ್ಯ: "ಬೇಡಮ್ಮ, ಇವತ್ತು ಏಕಾದಶಿ. ಏನೂ ತೊಗೊಳಲ್ಲ."

ಶೋಭಕ್ಕ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. "ಏಕಾದಶಿ ನೆನ್ನೆ ಹೋಯ್ತಲ್ಲಮ್ಮಾ. ಇವತ್ತು ದ್ವಾದಶಿ, ಬೆಳಗ್ಗೆನೇ ತಿನ್ನೋ ದಿನ" ಎಂದು ನಕ್ಕು, ಲೋಟ ವಾಪಸ್ ಒಳಗೊಯ್ದರು. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಟ್ರಾಮ್ ನಿಂತಿತು. ಈ ಸಲ ಕೊಳವೆಯ ತಪ್ಪಲ್ಲ, ನಾವು ಇಳಿಯುವ ಜಾಗವೇ ಬಂದಿತ್ತು.

ಸಮ್ಮೇಳನದ ಬಾಗಿಲು

ನಮ್ಮ ಕಲ್ಯಾಣ ಮಂಟಪದ ಬಾಗಿಲಲ್ಲಿ ಪನ್ನೀರು, ಕಲ್ಲುಸಕ್ಕರೆ ಇಟ್ಟಿರುವಂತೆ ಈ ಭವನದ ಬಾಗಿಲಲ್ಲೂ ಒಂದು ದೊಡ್ಡ ಗಾಜಿನ ಬೋಗುಣಿ ಇಟ್ಟಿದ್ದರು. ತುಂಬ ಮಿರಮಿರ ಮಿಂಚುವ ಚೌಕಾಕಾರದ ಪೊಟ್ಟಣಗಳು. ಕೆಲವುಗಳ ಮೇಲೆ ಸ್ಟ್ರಾಬೆರಿ, ಕೆಲವುಗಳ ಮೇಲೆ ಪುದೀನ ಎಲೆಯ ಚಿತ್ರ. ಗಂಟಲಿಗೆ ಚೀಪುವ ಮಿಠಾಯಿಯನ್ನೂ ಇಟ್ಟಿದ್ದಾರಲ್ಲ, ಎಂಥ ವ್ಯವಸ್ಥೆ ಎಂದುಕೊಂಡೆ. ಪುದೀನದ್ದು ಎರಡು ತೆಗೆದುಕೊಂಡೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಪ್ರೀತಿಯಿಂದ, "ಇನ್ನೂ ತೆಗೆದುಕೊಳ್ಳಿ ಮೇಡಂ, ಸ್ನೇಹಿತರಿಗೂ ಕೊಡಿ" ಎಂದಳು. ಬೇಡವೆಂದರೆ ಬೇಜಾರಾಗುತ್ತದೆಂದು ಸ್ಟ್ರಾಬೆರಿಯದ್ದು ಒಂದು ಹಿಡಿ ತೆಗೆದು ಪರ್ಸಿಗೆ ಹಾಕಿಕೊಂಡೆ. ಪಾರ್ಕಿನ ಗೆಳತಿಯರ ಮೊಮ್ಮಕ್ಕಳಿಗೆ ಆಗುತ್ತದೆ.

ಬೆಂಚಿನ ಮೇಲೆ ಸಹನಾ ಪಕ್ಕ ಕೂತು ಪುದೀನದ ಪೊಟ್ಟಣದ ಮೂಲೆ ಹಲ್ಲಿನಲ್ಲಿ ಹರಿಯುತ್ತ, "ಇದನ್ನ ಬಾಯಲ್ಲಿ ಇಟ್ಕೋ. ಕಚ್ಚಬೇಡ, ನಿಧಾನವಾಗಿ ಚೀಪು. ಗಂಟ್ಲು ಬಿಡತ್ತೆ" ಎಂದೆ.

ಧ್ವನಿಯಿಲ್ಲದ ಮನುಷ್ಯರು ಕಿರುಚುವುದನ್ನು ನಾನು ಅದೇ ಮೊದಲು ನೋಡಿದ್ದು. ಪ್ಲಾಸ್ಟರಿನ ಕೈಯನ್ನು ಸಂಚಾರಿ ಪೊಲೀಸರಂತೆ ನನ್ನ ಮುಖಕ್ಕೆ ಅಡ್ಡ ಹಿಡಿದಳು. ಎಡಗೈ ಫೋನಿನ ಮೇಲೆ ಓಡಿತು.

"ದೊಡ್ಡಮ್ಮ ಅದು ಕಾಂಡೋಮ್."

ಇದೊಂದನ್ನು ಮಾತ್ರ ಫೋನು ತಿದ್ದದೆ ಹಾಗೆಯೇ ಬರೆದಿತ್ತು.

ಹಲ್ಲಿನ ನಡುವಿನ ಪೊಟ್ಟಣವನ್ನು ಅತ್ಯಂತ ಗಂಭೀರವಾಗಿ ತೆಗೆದು ಪರ್ಸಿನಲ್ಲಿಟ್ಟೆ. ಸಹನಾಳ ಭುಜ ಅಲುಗತೊಡಗಿತು. ಬೆಳಗ್ಗೆಯಿಂದ ಮೊದಲ ಸಲ ಅವಳು ನಕ್ಕದ್ದು. ನಾನೂ ನಕ್ಕೆ. ವಾಪಸ್ ಬೋಗುಣಿಗೆ ಹಾಕಲು ಧೈರ್ಯ ಬರಲಿಲ್ಲ. ಆ ಹುಡುಗಿ ನನ್ನ ವಯಸ್ಸಿಗೆ ಅಷ್ಟೊಂದು ಗೌರವ ಕೊಟ್ಟಿದ್ದಳು.

ಬೋರ್ಡಿನ ಮುಂದೆ

ನಮ್ಮ ಬೋರ್ಡು ಸಾಲಿನ ತುತ್ತತುದಿಯಲ್ಲಿ, ಶೌಚಾಲಯಕ್ಕೆ ಹೋಗುವ ದಾರಿಯಲ್ಲಿತ್ತು. ಸಹನಾ ಮುಖ ಸಪ್ಪಗೆ ಮಾಡಿಕೊಂಡಳು. ನನಗೆ ಸಮಾಧಾನವೇ ಆಯಿತು. ಎರಡು ಗಂಟೆಯಲ್ಲಿ ಎಂಥ ವಿಜ್ಞಾನಿಯೂ ಒಮ್ಮೆ ಈ ಕಡೆ ಬರಲೇಬೇಕು.

ಬಂದರು. ಮೊದಲ ಇಬ್ಬರಿಗೆ ಪೋಸ್ಟರಿನ ಹೆಸರನ್ನಷ್ಟೇ ಓದಿ ಹೇಳಿದೆ. ಆಮೇಲೆ ಶಾಲೆಯ ಭಾಷಣ ಸ್ಪರ್ಧೆಗೆ ಸಿಸ್ಟರ್ ಹೇಳಿಕೊಟ್ಟಿದ್ದೆಲ್ಲ ಒಂದೊಂದಾಗಿ ಬಂತು: ಗಲ್ಲ ಮೇಲೆ, ಭುಜ ಹಿಂದೆ, ಕೊನೆಯ ಸಾಲಿನವರ ಕಿವಿಗೆ ಮುಟ್ಟಬೇಕು. ಕೊನೆಯ ಸಾಲೆಂದರೆ ಇಲ್ಲಿ ಶೌಚಾಲಯ, ಒಳಗಿದ್ದವರಿಗೂ ಕೇಳಿಸಿರಬೇಕು. ಭಾರತದಲ್ಲಿ ಹೆಚ್ಚಾಗಿ ಕಾಣುವುದು 'ಸಿ' ಎಂಬ ಬಳಗ, ಈಶಾನ್ಯದ ಕಡೆ ಸೂಜಿ ಹಂಚಿಕೊಂಡವರಲ್ಲಿ ಬೇರೆ ಬಳಗವೂ ಎರಡು ಬೆರೆತದ್ದೂ ಸಿಗುತ್ತದೆ, ಯಾವುದು ಎಲ್ಲಿದೆ ಎಂದು ತಿಳಿದರೆ ಪರೀಕ್ಷೆಗೂ ಔಷಧಕ್ಕೂ ಮುಂದೊಂದು ದಿನ ಬರಬಹುದಾದ ಲಸಿಕೆಗೂ ದಾರಿ. ಇಷ್ಟನ್ನು ಗಿಣಿಪಾಠ ಒಪ್ಪಿಸಿದೆ. ಯಾರಾದರೂ ಕಷ್ಟದ ಪ್ರಶ್ನೆ ಕೇಳಿದರೆ "ಡಾಕ್ಟರ್ ಸಹನಾ ನಿಮಗೆ ಪತ್ರ ಬರೆಯುತ್ತಾರೆ" ಎಂದು ಅವರ ಕಾರ್ಡು ಇಸಿದುಕೊಳ್ಳುತ್ತಿದ್ದೆ. ಡಾಕ್ಟರ್ ಸಹನಾ ಪಕ್ಕದಲ್ಲಿ ನಿಂತು ಮದುಮಗಳಂತೆ ತಲೆಯಾಡಿಸುತ್ತಿದ್ದಳು.

ಮೂರೂಕಾಲರ ಹೊತ್ತಿಗೆ ಕುತ್ತಿಗೆಯಲ್ಲಿ 'ಪತ್ರಿಕೆ' ಎಂಬ ಕಾರ್ಡು ನೇತುಹಾಕಿಕೊಂಡ ಎತ್ತರದ ಮನುಷ್ಯರೊಬ್ಬರು ಬಂದರು. ಒಳ್ಳೆಯ ಮುಖ. ಚಿತ್ರದ ಫೋಟೋ ತೆಗೆದುಕೊಂಡರು. ಸಣ್ಣ ಪುಸ್ತಕ ತೆರೆದರು. ನೇರಳೆ ಚುಕ್ಕಿಗಳ ಮೇಲೆ ಪೆನ್ನು ಇಟ್ಟು, ಗಾಳಿಯಲ್ಲಿ ಒಂದು ಬಾಣ ಎಳೆದು, ಬೂದು ಚುಕ್ಕಿಗಳ ಮೇಲೆ ನಿಲ್ಲಿಸಿದರು.

"ಅಂದರೆ ಇದು ಇವರಿಂದ ಹೊರಟು, ಏನೂ ಅರಿಯದ ಹೆಂಡತಿಯರನ್ನು ತಲುಪಿದೆ. ಸರಿ ತಾನೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬರೆಯತೊಡಗಿದರು.

ಸಹನಾ ನನ್ನ ತೋಳು ಹಿಡಿದಳು. ಅವಳ ಬಾಯಿಂದ ಬಂದ ಹಬೆ ನನ್ನ ಕಿವಿಗೆ ಬಿಸಿಯಾಗಿ ತಾಗಿತು. ಅವಳು ಪಾಠ ಹೇಳಿಕೊಟ್ಟಿದ್ದ ವಾಕ್ಯಗಳಲ್ಲಿ ಇದಕ್ಕೆ ಉತ್ತರವಿತ್ತು. ಆದರೆ ಅದು ಉದ್ದವಾದ ವಾಕ್ಯ, ಮಧ್ಯದಲ್ಲೆಲ್ಲೋ ಗ್ರೀಕ್ ಅಕ್ಷರವೂ ಇತ್ತು. ಅದು ಪೂರ್ತಿ ಮರೆತುಹೋಯಿತು.

"ದಯವಿಟ್ಟು ಪೆನ್ನು ಕೆಳಗಿಡಿ" ಎಂದೆ. ಅದು ನನ್ನ ಧ್ವನಿಯಲ್ಲ, ನಮ್ಮ ಸಿಸ್ಟರ್ ಧ್ವನಿ. ಅವರು ನಿಜಕ್ಕೂ ಇಟ್ಟರು.

"ನಾನು ಈ ಬೂದು ಬಣ್ಣದವಳು" ಎಂದೆ. ಗೃಹಿಣಿ ಎಂಬ ಅರ್ಥದಲ್ಲಿ ಹೇಳಿದ್ದು.

ಅವರ ಮುಖ ಬದಲಾಯಿತು. ಅರ್ಧ ಹೆಜ್ಜೆ ಹಿಂದೆ ಸರಿದರು. ಸರಿದದ್ದು ತಿಳಿದು, ನಾಚಿಕೊಂಡು, ಮತ್ತೆ ಅರ್ಧ ಹೆಜ್ಜೆ ಮುಂದೆ ಬಂದರು. ಕಣ್ಣಿನಲ್ಲಿ ತುಂಬಾ ಮರ್ಯಾದೆಯ ಒಂದು ಮರುಕ. ನನಗೂ ಆ ಸೋಂಕು ಇದೆ ಎಂದು ತಿಳಿದಿದ್ದರು! ಅಲ್ಲಪ್ಪ ಎನ್ನಲು ಬಾಯಿ ತೆರೆದೆ. ಹಾಗೆಂದರೆ ನಾನು ಅಂಥವಳಲ್ಲ ಎಂದ ಹಾಗಾಗುತ್ತಿತ್ತು. ಅದನ್ನು ಒಂದು ಸಲ ಕಾಫಿ ಲೋಟದ ಮುಂದೆ ಹೇಳಿಯಾಗಿತ್ತು. ಬಾಯಿ ಮುಚ್ಚಿ, ಬೇರೆ ಮಾತಿಗೆ ತೆರೆದೆ.

"ನಿಮಗೆ ನಮ್ಮ ಅತ್ತೆಯವರ ಸಾರಿನ ಪುಡಿಯ ಬಗ್ಗೆ ಹೇಳುತ್ತೇನೆ."

ಸಹನಾ ಕಣ್ಣು ಮುಚ್ಚಿಕೊಂಡಳು.

"ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಸಾರು ಮಾಡುತ್ತಾರೆ. ಅದರ ಪುಡಿಯ ಅಳತೆಯನ್ನು ಹೆಂಗಸರು ಒಬ್ಬರ ಪುಸ್ತಕದಿಂದ ಒಬ್ಬರು ಕೈಯಲ್ಲಿ ಬರೆದುಕೊಳ್ಳುತ್ತಾರೆ. ನಮ್ಮ ಅತ್ತೆಯವರ ಪುಸ್ತಕದಲ್ಲಿ 'ನಾಲ್ಕು ಚಮಚ ಇಂಗು' ಎಂದಿದೆ. ಅದು 'ಕಾಲು ಚಮಚ' ಆಗಬೇಕು. ನಮ್ಮ ಭಾಷೆಯಲ್ಲಿ ಎರಡೂ ಬರವಣಿಗೆಯಲ್ಲಿ ಸ್ವಲ್ಪ ಹತ್ತಿರ. ಯಾರೋ ತಪ್ಪು ಓದಿದ್ದಾರೆ."

ಇಂಗು ಎಂದರೆ ಏನು ಎಂದು ಕೇಳಿದರು. ಹೊಟ್ಟೆಯುಬ್ಬರಕ್ಕೆಂದು ಪರ್ಸಿನಲ್ಲಿ ಸದಾ ಇರುವ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ಮೂಗಿನ ಬಳಿ ಹಿಡಿದೆ. ಅದರ ಜೊತೆ ಎರಡು ಸ್ಟ್ರಾಬೆರಿ ಪೊಟ್ಟಣಗಳೂ ನೆಲಕ್ಕೆ ಬಿದ್ದವು. ಅವರು ಸೌಜನ್ಯದಿಂದ ಹೆಕ್ಕಿಕೊಟ್ಟು, ಇಂಗು ಮೂಸಿ, ಮೂಗು ಮುಚ್ಚಿ, ಗೋಡೆ ಹಿಡಿದುಕೊಂಡರು.

"ಇದು ಒಂದು ಚಿಟಿಕೆ. ನಾಲ್ಕು ಚಮಚ ಊಹಿಸಿಕೊಳ್ಳಿ" ಎಂದೆ. "ಬೀದಿಯಲ್ಲಿ ಇನ್ನೂ ಎರಡು ಮನೆಯಲ್ಲಿ ಇದೇ ವಾಸನೆ ಬಂತು. ಅವರ ಪುಸ್ತಕದಲ್ಲೂ ನಾಲ್ಕು ಚಮಚ! ಅವೆರಡರಲ್ಲಿ ಜೀರಿಗೆಯ ಸಾಲೇ ಬಿಟ್ಟುಹೋಗಿತ್ತು, ಆದ್ದರಿಂದ ಅವೆರಡು ಇನ್ನೂ ಹತ್ತಿರದ ನೆಂಟರು. ಮತ್ತೊಬ್ಬಾಕೆಯ ಪುಸ್ತಕದಲ್ಲಿ ತುಪ್ಪಕ್ಕೆ ಎರಡು ಹಾಳೆ ಅಂಟಿಕೊಂಡು, ಮೇಲರ್ಧ ಸಾರಿನ ಪುಡಿ, ಕೆಳಗರ್ಧ ಹುಳಿ ಪುಡಿ. ಬೆರಕೆ ಬಳಗ. ವೈರಾಣುವೂ ಇಷ್ಟೇ. ತನ್ನನ್ನೇ ನಕಲು ಮಾಡುತ್ತ ತಪ್ಪು ಮಾಡುತ್ತದೆ. ತಪ್ಪು ನೋಡಿ ಯಾವುದು ಯಾವುದಕ್ಕೆ ನೆಂಟ ಎಂದು ಈ ಹುಡುಗಿ ಗಿಡ ಬರೆಯುತ್ತಾಳೆ."

"ಹಾಗಾದರೆ ತಪ್ಪು ಯಾರಿಂದ ಯಾರಿಗೆ ಹೋಯಿತೆಂದೂ ತಿಳಿಯುತ್ತದಲ್ಲ?"

"ನಮ್ಮ ಬೀದಿಯವರೂ ಹಾಗೇ ಅಂದರು. ಮೂರನೇ ಮನೆಯ ಪದ್ಮಾ ಮೇಲೆ ಹಾಕಿದರು. ಆಕೆ ಬೇರೆ ಜಾತಿಯವರನ್ನು ಮದುವೆಯಾಗಿ ಬಂದವಳು. ತಪ್ಪು ಅಲ್ಲಿಂದಲೇ ಬಂದಿರಬೇಕೆಂದು ನೋಡದೆಯೇ ಎಲ್ಲರಿಗೂ ಗೊತ್ತಿತ್ತು. ಎರಡು ವರ್ಷ ಆಕೆಯನ್ನು ಅರಿಶಿನ ಕುಂಕುಮಕ್ಕೆ ಕರೆಯುವಾಗಲೆಲ್ಲ ಇಂಗಿನ ಮಾತು ಬರುತ್ತಿತ್ತು. ಆಮೇಲೆ ತಿಳಿಯಿತು, ಆಕೆಯೂ ನಮ್ಮತ್ತೆಯೂ ಇಬ್ಬರೂ ಬರೆದುಕೊಂಡದ್ದು ಬಾಡಿಗೆಗಿದ್ದು ಊರು ಬಿಟ್ಟುಹೋದ ಇನ್ನೊಬ್ಬರ ಪುಸ್ತಕದಿಂದ. ಅವರು ಎಲ್ಲಿಂದ ಬರೆದುಕೊಂಡರೋ ಯಾರಿಗೂ ಗೊತ್ತಿಲ್ಲ. ಎರಡು ಪುಸ್ತಕದಲ್ಲಿ ಒಂದೇ ತಪ್ಪಿದ್ದರೆ ಅವು ನೆಂಟರು ಅಂತ ಹೇಳಬಹುದು, ಸ್ವಾಮಿ. ಯಾರು ಯಾರಿಗೆ ಕೊಟ್ಟರು ಎಂದು ಹೇಳಲಾಗದು. ಈ ಗಿಡದಲ್ಲಿ ಚುಕ್ಕಿಯಾಗಿ ಬಂದವರು ರಕ್ತ ಕೊಟ್ಟವರು ಮಾತ್ರ. ಕೊಡದವರು ಎಷ್ಟೋ. ಕೊಟ್ಟವರ ಮೇಲೆಯೇ ನೀವು ಬಾಣ ಬಿಡುತ್ತಿದ್ದೀರಿ."

"ಆದರೂ ಮೊದಲು ಒಬ್ಬರು ಇದ್ದಿರಲೇಬೇಕಲ್ಲ?"

"ಇದ್ದಿರಬೇಕು. ಅವರ ಪುಸ್ತಕ ನಮ್ಮ ಹತ್ತಿರ ಇಲ್ಲ."

ಹಿಂದಿನಿಂದ ಯಾರೋ ದೊಡ್ಡದಾಗಿ ನಕ್ಕರು. ಉಗಾಂಡಾದ ವೈದ್ಯೆಯೊಬ್ಬರು, ಅವರ ಹಿಂದೆ ಇನ್ನೂ ಹತ್ತು ಹನ್ನೆರಡು ಜನ. ಶೌಚಾಲಯಕ್ಕೆ ಹೊರಟವರು ದಾರಿಯಿಲ್ಲದೆ ನಿಂತಿದ್ದರೋ ಕೇಳಲು ನಿಂತಿದ್ದರೋ ತಿಳಿಯದು. "ನಮ್ಮಲ್ಲಿ ಕಡಲೆಕಾಯಿ ಗೊಜ್ಜಿಗೆ ಹೀಗೇ ಆಗಿದೆ. ನಮ್ಮ ಓರಗಿತ್ತಿಯ ಮೇಲೆ ಹಾಕಿದ್ದೇವೆ" ಎಂದರು ಆ ವೈದ್ಯೆ.

ಪತ್ರಕರ್ತರು ನಗಲಿಲ್ಲ. ಪುಸ್ತಕದಲ್ಲಿ ಏನೋ ಹೊಡೆದುಹಾಕಿ, ಪುಟವನ್ನು ತಿರುಗಿಸಿ ನನಗೂ ಸಹನಾಗೂ ತೋರಿಸಿದರು. ಮೂರು ಸಾಲಿನ ಮೇಲೆ ದಪ್ಪ ಗೀಟು. ಕೆಳಗೆ ಹೊಸದಾಗಿ ಬರೆದಿದ್ದರು: "ನೆಂಟರು ಹೌದು. ಯಾರಿಂದ ಎಂದು ಗೊತ್ತಿಲ್ಲ." ಸಹನಾ ಎಡಗೈಯಲ್ಲಿ ಅವರ ಪೆನ್ನು ಇಸಿದುಕೊಂಡು, 'ಗೊತ್ತಿಲ್ಲ' ಎಂಬುದರ ಕೆಳಗೆ ಸೊಟ್ಟಗೆ ಎರಡು ಅಡ್ಡಗೆರೆ ಎಳೆದಳು.

ಅಲ್ಲಿಂದ ನಾಲ್ಕು ಗಂಟೆಯವರೆಗೆ ಸಾರಿನ ಪುಡಿಯ ಕಥೆ ಏಳು ಸಲ ಹೇಳಿದೆ. ಕೊನೆಗೊಬ್ಬರು ಇಂಗಿಲ್ಲದ ಅಳತೆಯನ್ನು ಬರೆದುಕೊಂಡು ಹೋದರು. ತಪ್ಪಿಲ್ಲದೆ ಬರೆದುಕೊಂಡರೋ ಇಲ್ಲವೋ.

ನದಿಯ ದಂಡೆ

ಹೊರಗೆ ನದಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕಾಲು ಚಾಚಿ ಕೂತೆವು. ಸಹನಾ ಪತ್ರಕರ್ತರ ಆ ಪುಟದ ಫೋಟೋ ಶೋಭಕ್ಕನಿಗೆ ಕಳಿಸಿದಳು, ಜೊತೆಗೆ ನಾನು ಇಂಗಿನ ಡಬ್ಬಿ ಹಿಡಿದು ನಿಂತಿರುವ ವಿಡಿಯೋ. ಅದನ್ನು ಯಾವಾಗ ತೆಗೆದಳೋ. ಐದೇ ನಿಮಿಷದಲ್ಲಿ ಶೋಭಕ್ಕನ ಧ್ವನಿ ಫೋನಿನಿಂದ ಹೊರಬಂತು.

"ಅಮ್ಮಾ! ಏನ್ ಸಖತ್ತಾಗ್ ನಿಂತಿದೀರ! ಇಂಗ್ಲಿಷ್ ಅರ್ಥ ಆಗ್ಲಿಲ್ಲ, ಆ ಮನುಷ್ಯ ಮೂಗ್ ಮುಚ್ಕೊಂಡಿದ್ ಅರ್ಥ ಆಯ್ತು. ನನ್ ಮಕ್ಳೆಲ್ಲ ನೋಡಿ ನೋಡಿ ನಗ್ತಾವ್ರೆ. ಬನ್ನಿ ಊರಿಗೆ. ಊಟಕ್ಕೇ ಬನ್ನಿ. ದಿನ ಮಾತ್ರ ನಾನೇ ಹೇಳ್ತೀನಿ, ಕ್ಯಾಲೆಂಡರ್ ನಂತಾವ ಐತೆ."

ಎರಡನೆಯ ಸಲ ಹಾಕಿಸಿಕೊಂಡು ಕೇಳಿದೆ. ಆಮೇಲೆ ಪಾರ್ಕಿನ ವಾಟ್ಸಾಪ್ ಗುಂಪು ತೆರೆದೆ. ಪರಂಗಿ ಎಲೆಯ ಬಗ್ಗೆ ಹದಿನಾಲ್ಕು ಸಂದೇಶಗಳಿದ್ದವು. ನಾನು ಬರೆದೆ: "ಇಲ್ಲಿ ನಡೆಯುತ್ತಿರುವುದು ಡೆಂಗ್ಯೂ ಸಮ್ಮೇಳನ ಅಲ್ಲ. ಎಚ್‌ಐವಿ ಸಮ್ಮೇಳನ. ನಮ್ಮ ಸಹನಾಳ ಕೆಲಸ ಬಹಳ ಚೆನ್ನಾಗಿ ಹೋಯಿತು. ನಾನೂ ಮಾತಾಡಿದೆ."

ಮೂರು ನಿಮಿಷದ ನಂತರ ಒಬ್ಬರು ಗುಲಾಬಿ ಹೂವಿನ 'ಶುಭರಾತ್ರಿ' ಹಾಕಿದರು. ಅದರ ಹಿಂದೆಯೇ ನನ್ನವರದು ಒಂದು ಹೆಬ್ಬೆಟ್ಟು. ಬರೀ ಹೆಬ್ಬೆಟ್ಟು, ಆದರೆ ಎಲ್ಲರೆದುರಿಗೆ.

ಮೆಟ್ಟಿಲು

ಮನೆ ಸೇರುವ ಹೊತ್ತಿಗೆ ಏಳೂವರೆ, ಇನ್ನೂ ಹಗಲು. ಇಲ್ಲಿಯ ಸೂರ್ಯನಿಗೆ ಮನೆಗೆ ಹೋಗುವ ಆತುರವಿಲ್ಲ. ಮೂರು ಮಹಡಿಯ ಮೆಟ್ಟಿಲಲ್ಲಿ ಒಂದನ್ನು ಹತ್ತುವಷ್ಟರಲ್ಲಿ "ನಿಧಾನವಾಗಿ ಹತ್ತು" ಎಂದು ಸಹನಾಗೆ ಹೇಳಲು ಹೋದೆ. ಮಾತು ಬರಲಿಲ್ಲ. ಕೆಮ್ಮಿ ಇನ್ನೊಮ್ಮೆ ನೋಡಿದೆ. ಹಬೆ. ಸಹನಾ ನನ್ನನ್ನು ನೋಡಿದಳು, ನಾನು ಅವಳನ್ನು. ಅವಳು ಎಡಗೈ ತೋರಿಸಿದಳು, ನಾನು ಎರಡೂ ಕೈ ತೋರಿಸಿದೆ. ಹಾಗೇ ಇಬ್ಬರೂ ಗೋಡೆಗೊರಗಿ ಸದ್ದಿಲ್ಲದೆ ನಗತೊಡಗಿದೆವು.

ಸದ್ದಿಲ್ಲದ ನಗುವಿಗೂ ಏನೋ ಸದ್ದು ಇರಬೇಕು. ಎರಡನೆಯ ಮಹಡಿಯ ಬಾಗಿಲು ತೆರೆಯಿತು. ಲೂರ್ದಮ್ಮ ಕುತ್ತಿಗೆಗೆ ಉಣ್ಣೆಯ ವಸ್ತ್ರ ಸುತ್ತಿಕೊಂಡು ನಿಂತಿದ್ದರು. ಕೆಂಪು ಮೂಗು. ಏಪ್ರನ್ನಿನ ಜೇಬಿನಿಂದ ಕರವಸ್ತ್ರ ತೆಗೆದು ಎರಡು ಸಲ ಜೋರಾಗಿ ಕೆಮ್ಮಿದರು. ನಾನು ಶುಭಸಂಜೆ ಹೇಳಲು ಬಾಯಿ ತೆರೆದು, ಗಂಟಲು ಮುಟ್ಟಿ, ಕೈಯಾಡಿಸಿದೆ. ಸಹನಾಳೂ ಹಾಗೆಯೇ ಮಾಡಿದಳು. ಅವರು ನನ್ನನ್ನು ನೋಡಿ, ಸಹನಾಳನ್ನು ನೋಡಿ, ತಲೆಯಾಡಿಸಿ, ಒಡೆದ ಧ್ವನಿಯಲ್ಲಿ ಅಂದರು:

"ಅಯ್ಯೋ ಪಾಪ, ಕೊನೆಗೂ ಈ ಹುಡುಗಿ ನಿಮಗೂ ಅಂಟಿಸಿಬಿಟ್ಟಳಲ್ಲ!"